ಅಜ್ಜನ ಯುದ್ಧದ ಫೋಟೋಗಳು ಟ್ರಂಕಿನಲ್ಲಿವೆಯೇ? ಹೀಗೆ ಕಾಪಾಡಿ

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಕೊಡಗಿನವರೂ ಇದ್ದರು. ಸೇನೆಯ ಫೋಟೋಗ್ರಾಫರ್‌ಗಳು ಟ್ಯಾಂಕು, ಜನರಲ್‌ಗಳನ್ನು ಹೆಚ್ಚು ತೆಗೆದರೆ, ಸಾಮಾನ್ಯ ಸಿಪಾಯಿ ಬಟ್ಟೆ ಒಗೆಯುವ ಗೆಳೆಯನನ್ನು ತೆಗೆದ. ಅದಕ್ಕೇ ಟ್ರಂಕಿನ ಈ ಫೋಟೋಗಳು ಅಮೂಲ್ಯ.

ಮೊದಲು ಆಲ್ಬಂನಿಂದ ಫೋಟೋಗಳನ್ನು ಬಿಡಿಸಬೇಡಿ. ಪ್ರತಿ ಪುಟವನ್ನೂ ಇದ್ದ ಹಾಗೇ ಫೋನಿನಲ್ಲಿ ತೆಗೆದುಕೊಳ್ಳಿ. ಯಾವ ಚಿತ್ರದ ಪಕ್ಕ ಯಾವುದಿದೆ ಅನ್ನುವುದೇ ಊರು, ತಿಂಗಳು ಪತ್ತೆ ಮಾಡಲು ದಾರಿ. ಬಿಡಿಬಿಡಿಯಾಗಿ ಹರಡಿದ ಮೇಲೆ ಆ ಕ್ರಮ ಮತ್ತೆ ಸಿಗುವುದಿಲ್ಲ.

ಆಮೇಲೆ ಬಿಡಿ ಫೋಟೋಗಳ ಹಿಂಬದಿ ನೋಡಿ. ಸ್ಟುಡಿಯೋದ ಮೊಹರು, ಮಾಸಿದ ಶಾಯಿಯ ಹೆಸರು, ಏನಿದ್ದರೂ ಅದನ್ನೂ ಸ್ಕ್ಯಾನ್ ಮಾಡಿ. ನೀವು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಸಾಕು, ಪೆನ್ನು ಬೇಡ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಸುಮ್ನೆ ಕೀಳಲು ಹೋಗಬೇಡಿ, ಚಿತ್ರದ ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಸ್ಕ್ಯಾನ್ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಇರಲಿ, ಚಿತ್ರದ ಗುಣಮಟ್ಟ ಕುಗ್ಗದ ಟಿಫ್ (TIFF) ಫೈಲಾಗಿ ಉಳಿಸಿ. ಬಣ್ಣ ತುಂಬುವ ಆ್ಯಪ್‌ಗಳನ್ನು ಮೂಲ ಪ್ರತಿಯ ಮೇಲೆ ಪ್ರಯೋಗಿಸಬೇಡಿ. ಅವು ಊಹೆಯ ಬಣ್ಣ ಹಾಕುತ್ತವೆ, ಕೆಲವೊಮ್ಮೆ ಮುಖವನ್ನೇ ಬದಲಿಸುತ್ತವೆ. ಅಜ್ಜ ಅಜ್ಜನ ಹಾಗೇ ಇರಬೇಕು, ಅಲ್ವಾ?

ಈಗ ದೊಡ್ಡದು ಮಾಡಿ ತೋಳಿನ ಬ್ಯಾಡ್ಜ್ ನೋಡಿ. ಹದ್ದು ಕಂಡರೆ ಉತ್ತರ ಆಫ್ರಿಕಾ, ಇಟಲಿಯ ಕಸ್ಸಿನೊದಲ್ಲಿ ಹೋರಾಡಿದ 4ನೇ ಭಾರತೀಯ ಡಿವಿಷನ್ (ಸೇನೆಯ ದೊಡ್ಡ ತುಕಡಿ) ಇರಬಹುದು. ಕಪ್ಪು ಬೆಕ್ಕು ಕಂಡರೆ ಬರ್ಮಾದಲ್ಲಿದ್ದ 17ನೇ ಡಿವಿಷನ್. ಕಪ್ಪು-ಬಿಳುಪಿನಲ್ಲಿ ಬಣ್ಣ ನಂಬಬೇಡಿ, ಆಕಾರ ನೋಡಿ. ಅಜ್ಜ ಸೇನೆ ಬಿಟ್ಟಾಗ ಸಿಕ್ಕ ಡಿಸ್ಚಾರ್ಜ್ ಕಾಗದದ ಜೊತೆ ತಾಳೆ ಹಾಕಿದರೆ ಮಾತ್ರ ಖಾತ್ರಿ.

ನೆಗೆಟಿವ್ ಇದ್ದರೆ ಬೇರೆ ಇಡಿ. ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ, ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ. ಅಂಚಿನಲ್ಲಿ ‘ನೈಟ್ರೇಟ್’ ಎಂದಿದ್ದರೆ ಬೆಂಕಿಯಿಂದ ದೂರವಿಡಿ, ಬೇಗ ಹೊತ್ತಿಕೊಳ್ಳುತ್ತದೆ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟಿನ ಕಾಟ ಜಾಸ್ತಿ. ಆ್ಯಸಿಡ್ ಇಲ್ಲದ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಅಟ್ಟ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಕೆಲವು ಚಿತ್ರಗಳಲ್ಲಿ ಹೆಣಗಳಿರಬಹುದು, ಸೆರೆಸಿಕ್ಕವರಿರಬಹುದು. ಅವರೂ ಯಾರದೋ ಮನೆಯ ಮಕ್ಕಳು. ಹರಿದು ಎಸೆಯಬೇಡಿ, ಫ್ಯಾಮಿಲಿ ಗ್ರೂಪಿಗೂ ಹಾಕಬೇಡಿ. ಬೇರೆ ಕವರಿನಲ್ಲಿಟ್ಟು, ಒಳಗೇನಿದೆ ಎಂದು ಹೊರಗೆ ಬರೆಯಿರಿ.