ಕೆನಡಾದ ಪತ್ರಾಗಾರದಲ್ಲಿ ಹಳೆಯ ಹೆಸರು ಹುಡುಕುವುದು ಹೇಗೆ?

ಬ್ರಿಟಿಷ್ ಕೊಲಂಬಿಯಾದ ಪತ್ರಾಗಾರಗಳ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಟೈಪ್ ಮಾಡಿ, ಏನೂ ಸಿಗದಿದ್ದಾಗ 'ಇವರ ದಾಖಲೆಯೇ ಉಳಿದಿಲ್ಲ' ಎಂದು ಕೈಬಿಡುವವರೇ ಹೆಚ್ಚು. ಎಷ್ಟೋ ಸಲ ದಾಖಲೆ ಇರುತ್ತದೆ, ಹುಡುಕಿದ ಜಾಗ ತಪ್ಪಿರುತ್ತದೆ. ಅಲ್ಲಿನ 'ಪೀಪಲ್ ಅಂಡ್ ಆರ್ಗನೈಸೇಷನ್ಸ್' ವಿಭಾಗ (ಕೆಲವೆಡೆ 'ಅಥಾರಿಟಿ ರೆಕಾರ್ಡ್ಸ್' ಎಂದಿರುತ್ತದೆ) ಊರವರ ಡೈರೆಕ್ಟರಿಯಲ್ಲ. ಕಾಗದಪತ್ರ ಬರೆದವರಿಗೆ, ಕೂಡಿಟ್ಟವರಿಗೆ ಮುಖ್ಯವಾಗಿ ಅಲ್ಲಿ ಪುಟವಿರುತ್ತದೆ. ಮರದ ಮಿಲ್ಲಿನ ಕೂಲಿಗೆ ಪುಟ ಸಿಗುವುದು ಅಪರೂಪ, ಮಿಲ್ಲಿನ ಕಂಪನಿಗೆ ಸಿಗುವ ಸಾಧ್ಯತೆ ಜಾಸ್ತಿ. ಇದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲು, ಸೈಟ್. ಈ ಪ್ರಾಂತ್ಯಕ್ಕೆ ಮೆಮೊರಿಬಿಸಿ, ಆಲ್ಬರ್ಟಾಕ್ಕೆ ಆಲ್ಬರ್ಟಾ ಆನ್ ರೆಕಾರ್ಡ್, ನೋವಾ ಸ್ಕೋಷಿಯಾಕ್ಕೆ ಮೆಮೊರಿಎನ್‌ಎಸ್. ಮೂರೂ ಆ್ಯಟಮ್ ಎಂಬ ಒಂದೇ ತಂತ್ರಾಂಶದಲ್ಲಿ ನಡೆಯುವುದರಿಂದ ಒಂದನ್ನು ಕಲಿತರೆ ಉಳಿದವೂ ಬಂದಂತೆ. ಇಲ್ಲಿ ಮುಖ್ಯವಾಗಿ ಸಿಗುವುದು ದಾಖಲೆಯ ವಿವರಣೆ, ಮೂಲ ಕಾಗದ ಆಯಾ ಪತ್ರಾಗಾರದಲ್ಲಿರುತ್ತದೆ. ಹಣ ಕಟ್ಟುವ ವಂಶಾವಳಿ ಸೈಟ್‌ಗಳಿಂದ ಶುರು ಮಾಡಬೇಡಿ. ಜನಗಣತಿ, ಹಡಗಿನ ಪಟ್ಟಿಗೆ ಅವು ಸರಿ, ಸಂಘಗಳ ಲೆಕ್ಕಪುಸ್ತಕ, ಪತ್ರವ್ಯವಹಾರ ಅಲ್ಲಿ ವಿರಳ. ಚಾಟ್‌ಬಾಟ್‌ಗಳನ್ನು ದಾಖಲೆ ಸಂಖ್ಯೆ ಕೇಳಲೇಬೇಡಿ, ಇಲ್ಲದ ಸಂಖ್ಯೆಯನ್ನು ಧೈರ್ಯವಾಗಿ ಕಟ್ಟಿಕೊಡುತ್ತವೆ.

ಎರಡನೆಯದು ಹೆಸರು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಅವಸರ ಬೇಡ.

ಪುಟಗಳಲ್ಲಿ ವ್ಯಕ್ತಿಯ ಹೆಸರು ಸಾಮಾನ್ಯವಾಗಿ ತಿರುಗುಮುರುಗು: ಮೊದಲು ಮನೆತನದ ಹೆಸರು, ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು, ಕೊನೆಗೆ ಜನನ-ಮರಣದ ವರ್ಷ. ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಕ್ರಮದಲ್ಲಿರುವುದು ಮಾತ್ರ ಬರುತ್ತದೆ. ಚಿಹ್ನೆ ತೆಗೆದು ಎರಡು ಪದ ಹಾಕಿ, ಎರಡೂ ಇರುವ ಪುಟಗಳೆಲ್ಲ ಬರುತ್ತವೆ. ಕಾಗುಣಿತ ಅನುಮಾನವಿದ್ದರೆ ಪದದ ಮೊದಲ ನಾಲ್ಕೈದು ಅಕ್ಷರದ ನಂತರ ನಕ್ಷತ್ರ ಚಿಹ್ನೆ (*) ಹಾಕಿ. ನಡುವೆ ಒಂದೇ ಅಕ್ಷರ ಅನುಮಾನವಾದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ (?).

ನೂರು ವರ್ಷದ ಹಿಂದಿನ ಭಾರತೀಯರ ವಿಷಯದಲ್ಲಿ ಇಷ್ಟು ಸಾಲದು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು. 'ಸಿಂಗ್' ಎಂಬುದನ್ನು ಮನೆತನದ ಹೆಸರೆಂದು ಹಿಡಿದ ಕಡೆ ಬೇರೆ ಬೇರೆ ಊರಿನವರೆಲ್ಲ ಒಂದೇ ಸಾಲಿಗೆ ಬಿದ್ದರು. ಅದರ ಇಂಗ್ಲಿಷ್ ಕಾಗುಣಿತದ ಕೊನೆಯ ಎಚ್ ಬಿಟ್ಟುಹೋದರಂತೂ ಚೀನೀ ಹೆಸರುಗಳ ಜೊತೆ ಬೆರೆತುಹೋಗುತ್ತದೆ. ಇನ್ನೊಂದು: ಆ ಕಾಲದ ಕಡತಗಳಲ್ಲಿ ಸಿಖ್ಖರನ್ನೂ ಮುಸ್ಲಿಮರನ್ನೂ 'ಹಿಂದೂ' ಎಂದೇ ಬರೆದಿದ್ದಾರೆ, ಆಮೇಲಿನವುಗಳಲ್ಲಿ 'ಈಸ್ಟ್ ಇಂಡಿಯನ್' ಎಂದಿದೆ. ಈ ಪದಗಳು ಇಂದು ಸರಿಯೆನಿಸದಿದ್ದರೂ ಅವನ್ನೇ ಹಾಕಿ ಹುಡುಕಬೇಕು. ಹೆಂಗಸರನ್ನು ಗಂಡನ ಹೆಸರಿಗೆ ಮೊದಲು 'ಮಿಸೆಸ್' ಸೇರಿಸಿಯೂ ನೋಡಿ.

ಇಷ್ಟಾದರೂ ಸಿಗದಿದ್ದರೆ, ಅವರ ಬಗ್ಗೆ ಬರೆಯುವ ಅಧಿಕಾರ ಯಾರಿಗಿತ್ತು ಎಂದು ಕೇಳಿಕೊಳ್ಳಿ. 1914ರ ಮೇ 23ರಂದು ಕೊಮಗಾಟ ಮಾರು ಹಡಗು 376 ಭಾರತೀಯ ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲುಪಿತು. ಬಹುಪಾಲು ಜನರನ್ನು ಇಳಿಯಲು ಬಿಡದೆ ಜುಲೈ 23ರಂದು ವಾಪಸ್ ಕಳಿಸಿದರು. ಆ ಪ್ರಯಾಣಿಕರ ಹೆಸರಿನಲ್ಲಿ ಪುಟ ಹುಡುಕಿದರೆ ನಿರಾಶೆಯೇ. ಅವರನ್ನು ವಿರೋಧಿಸಿದ ವ್ಯಾಂಕೂವರ್ ಸಂಸದ ಹೆನ್ರಿ ಹರ್ಬರ್ಟ್ ಸ್ಟೀವನ್ಸ್ ಅವರ ಕಾಗದಪತ್ರ ನಗರ ಪತ್ರಾಗಾರದಲ್ಲಿದೆ, ಹಡಗಿನ ಪತ್ರವ್ಯವಹಾರ ಅದರಲ್ಲಿದೆ. ಅನ್ಯಾಯಕ್ಕೊಳಗಾದವರ ಸುಳಿವು ಅನ್ಯಾಯ ಮಾಡಿದವರ ಕಡತದಲ್ಲಿ ಸಿಗುವುದು ಹೀಗೆ. ಅದನ್ನು ಓದುವಾಗ ಬರೆದವರು ಯಾರೆಂಬುದನ್ನು ಮರೆಯಬಾರದು.

ಸಂಸ್ಥೆಗಳದು ಬೇರೆ ತೊಡಕು. ಪಾಯಿಂಟ್ ಗ್ರೇ ಈಗ ವ್ಯಾಂಕೂವರಿನ ಭಾಗ. ಆದರೆ 1908ರಲ್ಲಿ ಸೌತ್ ವ್ಯಾಂಕೂವರಿನಿಂದ ಬೇರೆಯಾಗಿ ತನ್ನದೇ ಪುರಸಭೆ ಮಾಡಿಕೊಂಡಿತ್ತು. ಎರಡೂ ವ್ಯಾಂಕೂವರ್ ನಗರದೊಳಗೆ ಸೇರಿದ್ದು 1929ರ ಜನವರಿ 1ಕ್ಕೆ. ಹಾಗಾಗಿ ಅಲ್ಲಿನ 1915ರ ಮನೆಯೊಂದರ ಪುರಸಭೆ ಕಡತವನ್ನು ನಗರಸಭೆಯ ಹೆಸರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಸಂಸ್ಥೆಯ ಪುಟದಲ್ಲಿ 'ಹಿಸ್ಟರಿ' ಓದಿ, ಕೆಳಗಿನ 'ರಿಲೇಷನ್‌ಶಿಪ್ಸ್' ಭಾಗದಲ್ಲಿ ಹಿಂದಿನ ಮತ್ತು ಮುಂದಿನ ಸಂಸ್ಥೆಗಳ ಕೊಂಡಿ ಕೊಟ್ಟಿದ್ದರೆ ಒತ್ತಿ.

ಮೂರನೆಯದು, ಸಿಕ್ಕ ಪುಟವನ್ನು ಓದುವುದು. ವ್ಯಕ್ತಿ ಬರೆದ, ಕೂಡಿಟ್ಟ ದಾಖಲೆಗಳು 'ಕ್ರಿಯೇಟರ್ ಆಫ್' ಪಟ್ಟಿಯಲ್ಲಿರುತ್ತವೆ, ಅವರ ಕುರಿತ ದಾಖಲೆಗಳು 'ಸಬ್ಜೆಕ್ಟ್ ಆಫ್' ಪಟ್ಟಿಯಲ್ಲಿ. ಮೊದಲನೆಯದನ್ನಷ್ಟೇ ನೋಡಿ ಎದ್ದುಹೋಗುವವರು ಬಹಳ. ಇಸವಿಯ ಸುತ್ತ ಚೌಕಾವರಣವಿದ್ದರೆ ಅದು ಕಾಗದದ ಮೇಲಿದ್ದ ಇಸವಿಯಲ್ಲ, ವಿವರಣೆ ಬರೆದವರು ಊಹಿಸಿದ್ದು. [1912?] ಎಂದರೆ ಬಹುಶಃ ಆ ವರ್ಷ, [191-] ಎಂದರೆ ಆ ದಶಕದಲ್ಲಿ ಯಾವಾಗಲೋ. ವಂಶವೃಕ್ಷಕ್ಕೆ ಇಳಿಸಿಕೊಳ್ಳುವಾಗ ಆವರಣವನ್ನೂ ಬರೆದುಕೊಳ್ಳಿ.

ಕೊನೆಗೆ, ಪತ್ರಾಗಾರಕ್ಕೆ ಇಮೇಲ್. ಸಂಸ್ಥೆಯ ಹೆಸರು, ಸಂಗ್ರಹದ ಹೆಸರು (ಅಲ್ಲಿ 'ಫಾಂಡ್ಸ್' ಎನ್ನುತ್ತಾರೆ), ಸರಣಿ, ಕಡತ, ಉಲ್ಲೇಖ ಸಂಖ್ಯೆ ಎಲ್ಲವೂ ಇರಲಿ. ವ್ಯಾಂಕೂವರ್ ನಗರ ಪತ್ರಾಗಾರದಲ್ಲಿ ಎಎಂ 54 ಎಂಬ ಉಲ್ಲೇಖ ಸಂಖ್ಯೆಯೆಂದರೆ, ಆ ಪತ್ರಾಗಾರವನ್ನು ಕಟ್ಟಿದ ಮೇಜರ್ ಮ್ಯಾಥ್ಯೂಸ್ ಅವರ ಸಂಗ್ರಹ. ಅದು ದೊಡ್ಡ ಸಂಗ್ರಹ, ಅಷ್ಟೇ ಬರೆದರೆ ಯಾವ ಪೆಟ್ಟಿಗೆ ತೆಗೆಯಬೇಕೆಂದು ಅವರಿಗೂ ತಿಳಿಯದು. ನೀವು ಈಗಾಗಲೇ ಹುಡುಕಿ ನೋಡಿದ ಕಾಗುಣಿತಗಳನ್ನೂ ಪಟ್ಟಿ ಮಾಡಿ ಕಳಿಸಿ, ಅವರು ಅದೇ ದಾರಿ ಮತ್ತೆ ತುಳಿಯುವುದು ತಪ್ಪುತ್ತದೆ. ಜನನ-ಮರಣ ನೋಂದಣಿ ಬೇಕಿದ್ದರೆ ಈ ಪಟ್ಟಿಯಲ್ಲಿ ತಡಕಾಡಬೇಡಿ. ಪ್ರಾಂತ್ಯದ ಪತ್ರಾಗಾರವಾದ ಬಿ.ಸಿ. (ಬ್ರಿಟಿಷ್ ಕೊಲಂಬಿಯಾ) ಆರ್ಕೈವ್ಸ್ ಅದಕ್ಕೆ ಪ್ರತ್ಯೇಕ ಸೂಚಿ ಇಟ್ಟಿದೆ. ಜನನವಾದರೆ 120, ಮದುವೆಗೆ 75, ಮರಣಕ್ಕೆ 20 ವರ್ಷ ಕಳೆದ ಮೇಲಷ್ಟೇ ಅದರಲ್ಲಿ ಕಾಣಿಸುತ್ತದೆ.