ಗೇಟಿನ ಮುಂದಿನ ಗುಂಡಿ: ಮಳೆಗಾಲದ ಕಾಂಕ್ರೀಟ್ ರಿಪೇರಿ

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಹೊಸ ಕಾಂಕ್ರೀಟ್ ಹನಿಯ ಏಟು ತಡೆಯಲು ಐದಾರು ಗಂಟೆಯಾದರೂ ಬೇಕು. ಅದಕ್ಕೇ ಕಾಂಕ್ರೀಟ್ ಹಾಕುವ ಕೆಲಸವನ್ನು ಬೆಳಿಗ್ಗೆ 7ಕ್ಕೆ ಶುರು ಮಾಡಿ 9ರೊಳಗೆ ಮುಗಿಸುತ್ತೇನೆ. ಗುಂಡಿಯ ಹಳೇ ಕಾಂಕ್ರೀಟ್ ಒಡೆಯುವ ಕೆಲಸ ಹಿಂದಿನ ದಿನವೇ ಆಗಿರಬೇಕು.

ಗುಂಡಿಯ ಅಂಚು ನೇರವಾಗಿ, ಕನಿಷ್ಠ 1 ಇಂಚು ಆಳಕ್ಕೆ ಕತ್ತರಿಸಿರಬೇಕು. ಅಂಚಿನಲ್ಲಿ ತೆಳುವಾಗಿ ಸವರಿದ ತೇಪೆ ಚಕ್ಕೆಯಾಗಿ ಏಳುತ್ತದೆ. ನೆಲ ಒದ್ದೆ ಇದ್ದರೆ ಗ್ರೈಂಡರ್ ಮುಟ್ಟಬೇಡಿ, ಕರೆಂಟ್ ಹೊಡೆಯುವ ಅಪಾಯ. ಉಳಿ, ಸುತ್ತಿಗೆ ಸಾಕು. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಭಾಗವೆಲ್ಲ ಹೋಗಲಿ.

ಹಳೇ ಕಾಂಕ್ರೀಟ್ ನೀರು ಕುಡಿದಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಸ್ಪಂಜಿನಿಂದ ಒರೆಸಿ, ಮೇಲಿನಿಂದ ಹರಿದು ಬರುವ ನೀರಿಗೆ ಮರಳು ಚೀಲ ಅಡ್ಡ ಇಡಿ. ತಳದಿಂದಲೇ ನೀರು ಜಿನುಗುತ್ತಿದ್ದರೆ ಆ ದಿನ ಬಿಟ್ಟುಬಿಡಿ. ಮೊದಲು ಆ ನೀರಿಗೆ ಬೇರೆ ದಾರಿ ಮಾಡಬೇಕು.

2 ಅಡಿ ಉದ್ದ, 2 ಅಡಿ ಅಗಲ, 3 ಇಂಚು ಆಳದ ಗುಂಡಿಗೆ ಸುಮಾರು 12 ಕೆ.ಜಿ. ಸಿಮೆಂಟ್, 12 ಲೀಟರ್ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), 24 ಲೀಟರ್ 12 ಎಂಎಂ ಜಲ್ಲಿ, 5 ಲೀಟರ್ ನೀರು. ಈ 5 ಲೀಟರ್ ಒಣ ಮರಳಿನ ಲೆಕ್ಕ. ಮಳೆಯಲ್ಲಿ ನೆನೆದ ಮರಳಿನಲ್ಲಿ 5% ತೇವವಿದ್ದರೂ ಸುಮಾರು 1 ಲೀಟರ್ ನೀರು ಅದರೊಳಗೇ ಇರುತ್ತದೆ. ಹಾಗಾಗಿ ಮೊದಲು ಮೂರೂವರೆ ಲೀಟರ್ ಹಾಕಿ ಕಲಸಿ, ಉಳಿದದ್ದನ್ನು ಬೇಕಾದಷ್ಟೇ, ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ತೇವದ ಮರಳು ಉಬ್ಬಿ ಅಳತೆಗೆ ಕಡಿಮೆ ಬೀಳುವುದರಿಂದ ಎರಡು ಲೀಟರ್ ಮರಳು ಹೆಚ್ಚಿಗೆ ಹಾಕುತ್ತೇನೆ. ಮರಳು, ಜಲ್ಲಿ, ಸಿಮೆಂಟ್ ಚೀಲ ಎಲ್ಲವನ್ನೂ ರಾತ್ರಿ ಟಾರ್ಪಾಲಿನ್ ಮುಚ್ಚಿ ಇಡುವುದು ಇದಕ್ಕೇ.

ಹಳೇ ಕಾಂಕ್ರೀಟಿಗೆ ಹೊಸದು ಅಂಟಲು, ಎಸ್‌ಬಿಆರ್ ಲೇಟೆಕ್ಸ್ (ಹಾಲಿನಂಥ ರಬ್ಬರ್ ದ್ರವ) ಬೆರೆಸಿದ ಸಿಮೆಂಟ್ ಹಾಲನ್ನು ಬ್ರಷ್‌ನಿಂದ ತಿಕ್ಕಿ ಬಳಿಯಿರಿ. ಅದು ಒಣಗುವ ಮುಂಚೆ ಕಾಂಕ್ರೀಟ್ ಬೀಳಲೇಬೇಕು. ಒಣಗಿದ ಲೇಟೆಕ್ಸ್ ಪೊರೆಯಾಗಿ ತೇಪೆಯನ್ನು ಹಿಡಿಯುವ ಬದಲು ಬಿಡಿಸುತ್ತದೆ. ಕಾಂಕ್ರೀಟನ್ನು ಮೂಲೆಗಳಿಗೆ ಗುದ್ದಿ ತುಂಬಿ, ಮಟ್ಟಗೋಲು ಎಳೆದು, 8 ಅಡಿಗೆ 1 ಇಂಚು ಇಳಿಜಾರು ಕೊಡಿ.

ಮಧ್ಯೆ ಮಳೆ ಹನಿದರೆ ಮೇಲೆ ಒಣ ಸಿಮೆಂಟ್ ಉದುರಿಸುವ ಅಭ್ಯಾಸ ಬಹಳ ಮೇಸ್ತ್ರಿಗಳಿಗಿದೆ. ನಾನಂತೂ ಹಾಗೆ ಮಾಡಲು ಬಿಡುವುದಿಲ್ಲ. ಆ ಪದರ ಬೇರೆಯಾಗಿಯೇ ಗಟ್ಟಿಯಾಗಿ, ಮುಂದೆ ಸಿಪ್ಪೆಯಂತೆ ಎದ್ದು ಧೂಳಾಗುತ್ತದೆ. ನಿಂತ ನೀರನ್ನು ಪೈಪ್ ತುಂಡಿನಿಂದ ಮೆಲ್ಲಗೆ ಎಳೆದು ತೆಗೆದು, ಆಮೇಲೆ ಕರಣೆ ಆಡಿಸಿ. ಸಿಮೆಂಟ್ ಹಾಲೆಲ್ಲ ತೊಳೆದುಹೋಗಿ ಜಲ್ಲಿ ಕಂಡಿದ್ದರೆ, ಗಟ್ಟಿಯಾಗುವ ಮೊದಲೇ ಆ ಕಾಂಕ್ರೀಟ್ ಬಾಚಿ ತೆಗೆದು ಹೊಸದು ಹಾಕಿ.

ಟಾರ್ಪಾಲಿನ್ ಕಾಂಕ್ರೀಟಿಗೆ ತಾಗದಂತೆ ಇಟ್ಟಿಗೆಯ ಮೇಲೆ ಕೋಲು ಇಟ್ಟು ಹೊದಿಸಿ. ಮಳೆ ಬರುತ್ತಿದೆಯಲ್ಲ ಎಂದು ಕ್ಯೂರಿಂಗ್ (ಕಾಂಕ್ರೀಟ್ ಒಣಗದಂತೆ ಒದ್ದೆಯಾಗಿಡುವುದು) ಬಿಡುವುದು ತಪ್ಪು. ಎರಡು ಮಳೆಯ ನಡುವಿನ ಗಾಳಿ, ಬಿಸಿಲಿಗೇ ಬಿರುಕು ಬರುತ್ತದೆ. ಮರುದಿನದಿಂದ ಒದ್ದೆ ಗೋಣಿಚೀಲ ಹಾಸಿ, ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ 7 ದಿನ, ಪಿಪಿಸಿಗೆ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್) 10 ದಿನ ಒಣಗದಂತೆ ನೋಡಿಕೊಳ್ಳಿ. ನಡೆದಾಡಲು ಒಂದು ದಿನ ಕಳೆದರೆ ಸಾಕು, ಕಾರು 14 ದಿನ ಹೊರಗೇ ನಿಲ್ಲಲಿ.