ಓವನ್‌ನಲ್ಲಿ ಗೆಡ್ಡೆ ತರಕಾರಿ: ಜೇನುತುಪ್ಪ ಕೊನೆಗೆ ಹಾಕಿ
ಕ್ಯಾರೆಟ್, ಬೀಟ್‌ರೂಟ್, ಗೆಣಸನ್ನು ಓವನ್‌ನಲ್ಲಿ ಹುರಿದು ಸಿಹಿ ಲೇಪ ಕೊಡುವವರಿಗೆ ಒಂದು ಮಾತು. ಜೇನುತುಪ್ಪವನ್ನು ಮೊದಲೇ ಸುರಿಯಬೇಡಿ. ಅದು ಬೇಗ ಸೀಯುತ್ತದೆ, ಗೆಡ್ಡೆ ನಿಧಾನವಾಗಿ ಬೇಯುತ್ತದೆ. ಹೊರಗೆ ಕಪ್ಪು, ಒಳಗೆ ಹಸಿ. ಯಾರಿಗೆ ಬೇಕು ಅದು, ಅಲ್ವಾ?

ಹೋಳುಗಳು ಸುಮಾರು 2.5 ಸೆಂ.ಮೀ. ಇರಲಿ. ಬೀಟ್‌ರೂಟ್ ಬೇಯಲು ಜಾಸ್ತಿ ಹೊತ್ತು ಬೇಕು, ಅದನ್ನು ಇನ್ನೂ ಚಿಕ್ಕದಾಗಿ ಹೆಚ್ಚಿ. ತೊಳೆದ ನೀರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎಣ್ಣೆ, ಉಪ್ಪು ಸವರಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ. ಒತ್ತೊತ್ತಾಗಿ ತುಂಬಿದರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ, ಕೆಂಪಗಾಗುವುದಿಲ್ಲ. ಜಾಗ ಸಾಲದಿದ್ದರೆ ಎರಡು ತಟ್ಟೆ ಬಳಸಿ.

200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಡಿ, ನಡುವೆ ಒಮ್ಮೆ ತಿರುವಿಹಾಕಿ. ಚಾಕು ಸಲೀಸಾಗಿ ಇಳಿಯುವಂತಾದ ಮೇಲೆ ಲೇಪ ಹಾಕಿ. ಅರ್ಧ ಕಿಲೋ ತರಕಾರಿಗೆ ಒಂದು ದೊಡ್ಡ ಚಮಚ ಜೇನುತುಪ್ಪ, ಎರಡು ಸಣ್ಣ ಚಮಚ ನಿಂಬೆರಸ, ಚಿಟಿಕೆ ಮೆಣಸಿನ ಪುಡಿ. ನಿಂಬೆರಸ ಬಿಡಬೇಡಿ. ಈ ಗೆಡ್ಡೆಗಳೇ ಸಿಹಿ, ಹುಳಿ ಇಲ್ಲದಿದ್ದರೆ ನಾಲ್ಕು ತುತ್ತಿಗೇ ಸಾಕೆನಿಸುತ್ತದೆ. ಮತ್ತೆ 8–10 ನಿಮಿಷ ಒಳಗಿಡಿ, ಕೊನೆಯ ಎರಡು ನಿಮಿಷ ಮಾತ್ರ ಓವನ್ ಮುಂದೆಯೇ ನಿಂತಿರಿ.